ಚುಟುಕು ಬದಲಾವಣೆ

ಯಾರೋ ಪುಣ್ಯಾತ್ಮರು ರಾತ್ರೋರಾತ್ರಿ ವಿಕಿಪೀಡಿಯದ ಪುಟದಿಂದ ಇಡೀ ಒಂದು ಪ್ಯಾರಾ ಎತ್ತಿಹಾಕಿದ್ದಾರೆ, ಆಕರಗಳ ಸಮೇತ. ಪುಟದ ಇತಿಹಾಸ ತೆರೆದು ನೋಡಿದರೆ, ಸಣ್ಣಪುಟ್ಟ ತಿದ್ದುಪಡಿಗೆ ಹಾಕುವ 'ಚುಟುಕು ಬದಲಾವಣೆ' ಅನ್ನುವ ಗುರುತು! ಸಾರಾಂಶ ಬರೆಯುವ ಜಾಗ ಖಾಲಿ.

ಪ್ಯಾರಾ ತೆಗೆಯಲೇಬಾರದು ಅಂತ ನನ್ನ ತಕರಾರಲ್ಲ. ವಿಕಿ ಇರುವುದೇ ತಿದ್ದೋದಕ್ಕೆ. 1995ರಲ್ಲಿ ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ ಮೊದಲ ವಿಕಿ ತೆರೆದದ್ದೇ ಬಂದವರೆಲ್ಲ ಬರೆಯಲಿ, ತಿದ್ದಲಿ ಅಂತ. ಆದರೆ ತಿದ್ದಿದವರು ಒಂದು ಮಾತು ಹೇಳಿ ಹೋಗಬೇಕಲ್ವಾ? 'ಆಕರದಲ್ಲಿ ಈ ವಿಷಯ ಇಲ್ಲ', 'ಮೇಲೆ ಇದೇ ಬಂದಿದೆ'. ಇಷ್ಟು ಸಾಕು. ಕಾಗುಣಿತ ತಿದ್ದಿದ್ದರೆ ಚುಟುಕು ಅನ್ನಿ, ಯಾರು ಬೇಡ ಅಂದರು?

ಕಾಗುಣಿತವೂ ಅಷ್ಟೇನೂ ಚುಟುಕಲ್ಲ, ಬಿಡಿ. ಇಂಗ್ಲಿಷ್ ವಿಕಿಪೀಡಿಯದ ಮೊಸರಿನ ಪುಟವನ್ನೇ ನೋಡಿ. 'ಯೋಗರ್ಟ್' ಪದದ ನಡುವೆ 'ಎಚ್' ಇರಬೇಕೋ, ಬೇಡವೋ? ಪುಟ ಹುಟ್ಟಿದಾಗ ಎಚ್ ಇರಲಿಲ್ಲ. 2003ರಲ್ಲಿ ಯಾರೋ ತಂದು ಸೇರಿಸಿದರು. ಶುರುವಾಯಿತು ನೋಡಿ! ಮೊದಲು ಬರೆದವರ ಕಾಗುಣಿತವೇ ಉಳಿಯಬೇಕು ಅಂತ ಒಂದು ಪಕ್ಷ. ಇಷ್ಟು ವರ್ಷ ಹೀಗೇ ನಡೆದಿದೆ, ಈಗ್ಯಾಕೆ ಕೆದಕುತ್ತೀರಿ ಅಂತ ಇನ್ನೊಂದು. ಹೆಸರು ಬದಲಿಸಿ ಅಂತ ಅರ್ಜಿ, ಅದು ಬಿತ್ತು. ಮತ್ತೆ ಅರ್ಜಿ, ಮತ್ತೆ ಬಿತ್ತು. 'ಈಗ ತಾನೇ ಮುಗಿಯಿತಲ್ಲಪ್ಪಾ' ಅಂದವರ ಜೊತೆ ಬೇರೆ ಜಗಳ. ಕೊನೆಗೆ 2011ರ ಡಿಸೆಂಬರಿನಲ್ಲಿ ಎಚ್ ಹೋಯಿತು. ಎಂಟು ವರ್ಷ, ಒಂದು ಅಕ್ಷರ! ಇಂಥ ಜಗಳಗಳನ್ನು ಪಟ್ಟಿ ಮಾಡಿ ನಗುವುದಕ್ಕೆ ವಿಕಿಪೀಡಿಯದಲ್ಲೇ ಒಂದು ಪುಟವಿದೆ. ಮೊಸರಿಗೂ ಅಲ್ಲಿ ಜಾಗ ಸಿಕ್ಕಿದೆ.

ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಅವರ ಮೇಲೆ ಗೌರವ. ಬಡಿದಾಡಿದರು ಸರಿ, ಆದರೆ ಲೇಖನದ ಜೊತೆಗಿರುವ ಚರ್ಚೆ ಪುಟಕ್ಕೆ ಬಂದು ಬಡಿದಾಡಿದರು. ಅಲ್ಲಿ ನಾಲ್ಕು ಟಿಲ್ಡೆ (~ ಚಿಹ್ನೆ) ಒತ್ತಿದರೆ ಹೆಸರು, ಹೊತ್ತು ತಾನಾಗಿ ಬೀಳುತ್ತದೆ. ಯಾರು, ಯಾವಾಗ, ಏನಂದರು ಅಂತ ಇವತ್ತಿಗೂ ಓದಬಹುದು. ನಮ್ಮ ಪುಣ್ಯಾತ್ಮರು ಏನಂದುಕೊಂಡಿದ್ದರೋ, ಯಾವ ದೇವರಿಗೆ ಗೊತ್ತು?

ಎದುರಿನವರ ಉದ್ದೇಶ ಒಳ್ಳೆಯದೇ ಅಂದುಕೊಂಡು ಮಾತಾಡಿ ಅಂತ ವಿಕಿಪೀಡಿಯದ ಮಾರ್ಗಸೂಚಿ ಹೇಳುತ್ತದೆ. ಆಯ್ತು, ಅಂದುಕೊಂಡೆ. ಹಲ್ಲು ಕಚ್ಚಿಕೊಂಡು ಅಂದುಕೊಂಡೆ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ಸಲ ಬೇರೆಯವರ ತಿದ್ದುಪಡಿ ರದ್ದು ಮಾಡಬಾರದು ಅಂತಲೂ ನಿಯಮವಿದೆ. ಮೂರು ಸಲ ಮಾಡುವುದು ನಿಮ್ಮ ಹಕ್ಕೇನಲ್ಲ ಅಂತ ಅದೇ ನಿಯಮ ಎಚ್ಚರಿಸುತ್ತದೆ. ಆದರೂ ಸರಿಯಾಗಿ ಮೂರಕ್ಕೆ ನಿಲ್ಲಿಸಿ, ಇಪ್ಪತ್ತೈದನೇ ಗಂಟೆಗೆ ಕಾದು ಕೂರುವ ಮಹಾನುಭಾವರಿದ್ದಾರೆ.

ಇನ್ನು ಸಾಲುಸಾಲಿಗೂ 'ಉಲ್ಲೇಖ ಬೇಕು' ಅಂತ ಚೀಟಿ ಅಂಟಿಸಿ ಹೋಗುವವರು. ಚೀಟಿ ತಪ್ಪಲ್ಲ, ಬೇಕಾದದ್ದೇ. ಆದರೆ ಒಂದೇ ಒಂದು ಸಾಲಿಗಾದರೂ ತಾವೇ ಹುಡುಕಿ ಹಾಕಬಾರದಾ? ಕೇಳಿಬಿಡೋಣ ಅಂತ ಅಂಥವರೊಬ್ಬರ ಚರ್ಚೆ ಪುಟಕ್ಕೆ ಹೋದೆ. ನನಗಿಂತ ಮೊದಲೇ ಬಹಳ ಜನ ಕೇಳಿದ್ದರು, ಸಹಿ ಸಮೇತ. ಉತ್ತರ ಒಂದಕ್ಕೂ ಇರಲಿಲ್ಲ.