ಅವ್ವನ ಕಡ್ಡಿಪುಡಿ, ನನ್ನ ಕಿಂಗು

ಮೊನ್ನೆ ಊರಿಗೆ ಹೋದಾಗ ಅವ್ವ ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಸವರ್ತಾ, "ಇನ್ನೂ ಆ ದರಿದ್ರ ಸಿಗರೇಟು ಬಿಟ್ಟಿಲ್ವೇನ್ಲಾ?" ಅಂದಳು. ಬಿಟ್ಟು ಐದು ತಿಂಗಳಾಯ್ತು ಅಂದೆ. ನಂಬಲಿಲ್ಲ. ಇದು ನನ್ನ ನಾಲ್ಕನೇ ಸಲ, ಹೇಗೆ ನಂಬ್ತಾಳೆ? ಬೈದು ಮುಗಿಸಿ, ಚಿಟಿಕೆ ಕಡ್ಡಿಪುಡಿ, ಅಂದ್ರೆ ಹೊಗೆಸೊಪ್ಪಿನ ಪುಡಿ, ಎಲೆಗೆ ಹಾಕ್ಕೊಂಡು ಮಡಚಿ ಬಾಯಿಗಿಟ್ಟಳು.

ನಮ್ಮನೇಲಿ ಚಟ ಅಂದ್ರೆ ನನ್ನ ಸಿಗರೇಟು ಮಾತ್ರ. ಅವ್ವಂದು ಚಟ ಅಲ್ಲ. ಯಾವತ್ತೋ ಹಲ್ಲುನೋವಿಗೆ ಅಂತ ಪಕ್ಕದ ಮನೆ ದೊಡ್ಡವ್ವ ಕೊಟ್ಟ ಚಿಟಿಕೆ ಅದು. ಹಲ್ಲು ಕೀಳಿಸಿದ್ದಾಯ್ತು, ಪುಡಿ ಉಳೀತು. 2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದೋರು ಶೇ 8.8, ಹೊಗೆಯಿಲ್ಲದ ತಂಬಾಕು ಹಾಕೋರು ಶೇ 16.3. ಅಂದ್ರೆ ಅವ್ವನ ಪಕ್ಷವೇ ದೊಡ್ಡದು. ಆ ಸುಣ್ಣ ಇದೆಯಲ್ಲ, ಅದು ಕ್ಷಾರ. ನಿಕೋಟಿನ್ ಕೆನ್ನೆಯೊಳಗಿಂದ ಸಲೀಸಾಗಿ ರಕ್ತಕ್ಕಿಳಿಯೋಕೆ ದಾರಿ ಮಾಡಿಕೊಡೋದು ಅದೇ.

ಸಿಗರೇಟಲ್ಲಿ ಅದಿನ್ನೂ ಬೇಗ, ಹತ್ತಿಪ್ಪತ್ತು ಸೆಕೆಂಡಿಗೆ ಮಿದುಳಲ್ಲಿ. ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅರ್ಧಕ್ಕಿಳಿಯುತ್ತೆ. ಆಗ ಸಿಡುಕು, ಚಡಪಡಿಕೆ. ಇನ್ನೊಂದು ಹಚ್ಚಿದ್ರೆ "ಅಬ್ಬಾ, ಟೆನ್ಷನ್ ಹೋಯ್ತು". ಆ ಟೆನ್ಷನ್ನು ತಂದಿದ್ದೇ ಹಿಂದಿನ ಸಿಗರೇಟು ಅಂತ ತಿಳಿಯೋಕೆ ನನಗೆ ಹದಿನಾಲ್ಕು ವರ್ಷ ಬೇಕಾಯ್ತು. "ಮನಸ್ಸು ಗಟ್ಟಿ ಮಾಡ್ಕೊಳಪ್ಪ" ಅನ್ನೋರ ಮೇಲೆ ನನಗೆ ಸಿಟ್ಟು ಬರೋದು ಇದಕ್ಕೇ. ಅಡಿಕೆಯಷ್ಟು ಗಟ್ಟಿ ಮಾಡ್ಕೊಂಡಿದ್ದೆ ಸ್ವಾಮಿ. ಹಿಂದೊಂದು ಸಲ ಬಿಟ್ಟಾಗ ಮೂರನೇ ದಿನ ಮಗಳ ಮೇಲೆ ಕಾರಣವಿಲ್ಲದೆ ಕೂಗಾಡಿದೆ, ಬೆಳಗ್ಗೆ ಹೊಟ್ಟೆ ಸರಿಯಾಗಿ ಖಾಲಿಯಾಗ್ತಿರಲಿಲ್ಲ (ಬೀಡಿ ಸೇದೋರಿಗೆ ಇದು ಗೊತ್ತು, ಹೇಳಲ್ಲ ಅಷ್ಟೇ). ಅದನ್ನೂ ದಾಟಿ ಎರಡು ತಿಂಗಳು ತಳ್ಳಿದೆ. ಆಮೇಲೊಂದು ಸಂಜೆ ಟೀ ಅಂಗಡಿಯವನು ಗ್ಲಾಸಿನ ಜೊತೆ, ನಾನು ಕೇಳದೇ, ಒಂದು ಕಿಂಗೂ (ಕಿಂಗ್ ಸೈಜ್ ಸಿಗರೇಟು) ಇಟ್ಟ. ವರ್ಷಗಟ್ಟಲೆ ಕೊಟ್ಟು ಅವನ ಕೈಗೂ ಅಭ್ಯಾಸ. ವಾಪಸ್ ಕೊಡೋಕೆ ಸಂಕೋಚವಾಯ್ತು. ಮುಗೀತು.

ಇನ್ನೊಂದು ಸಲ ಸಿಗರೇಟು ಬಿಡೋಕೆ ಅಂತ ನಿಕೋಟಿನ್ ಗಮ್ ತಂದೆ. ಚೂಯಿಂಗ್ ಗಮ್ ಥರ ಟೀ ಜೊತೆ ಅಗಿದೆ. ಬಿಕ್ಕಳಿಕೆ, ಎದೆಯುರಿ. ಎಸೆದೆ. ಈ ಸಲ ತಂಬಾಕು ಬಿಡೋರ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದೆ, ಬೆಂಗಳೂರಿನ ನಿಮ್ಹಾನ್ಸಲ್ಲೂ ಆ ಸಹಾಯವಾಣಿಯ ಕೇಂದ್ರವಿದೆ. ಕನ್ನಡದಲ್ಲೇ ಮಾತಾಡಿದ ಹೆಣ್ಣುಮಗಳು ಹೇಳಿದ್ದು: ನಿಧಾನಕ್ಕೆ ನಾಲ್ಕು ಸಲ ಅಗೀರಿ, ಚುರುಚುರು ಅಂದಾಗ ಕೆನ್ನೆಗೆ ಒತ್ತಿಟ್ಟುಕೊಳ್ಳಿ, ಕಾಲು ಗಂಟೆ ಮುಂಚೆಯಿಂದಲೇ ಕಾಫಿ ಟೀ ಬೇಡ. ನನಗೆ ನಗು ಬಂತು. ಅವ್ವ ಎಲೆಯಡಿಕೆ ಇಟ್ಟುಕೊಳ್ಳೋದೂ ಹೀಗೇ ಅಲ್ವಾ!

ಆ ನಂಬರು ಪ್ಯಾಕಿನ ಮೇಲೇ ಅಚ್ಚಾಗಿರುತ್ತೆ. ಬಿಡಿಯಾಗಿ ಒಂದೊಂದೇ ಕೊಳ್ಳೋನಿಗೆ ಪ್ಯಾಕು ಕಾಣೋದೆಲ್ಲಿ? ಬಿಡಿ ಸಿಗರೇಟು ಮಾರಬಾರದು ಅಂತ 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾಯ್ದೆ ಬಂತು. ನಮ್ಮ ಬೀದಿಗಿನ್ನೂ ಬಂದಿಲ್ಲ. ನಾನು ಜಾಸ್ತಿ ಮಾತಾಡೋ ಹಾಗೂ ಇಲ್ಲ, ಹುಣಸೂರು ಕಡೆಯವನು; ಹೊಗೆಸೊಪ್ಪು ಬೆಳೆದ ದುಡ್ಡಲ್ಲೇ ಕಾಲೇಜು ಓದಿದ್ದು.

ಟೀ ಅಂಗಡಿ ಕಥೆ ಹೇಳಿದಾಗ ಅವ್ವ ಆ ಅಂಗಡಿಯವನಿಗೆ ಬಾಯ್ತುಂಬ ಶಾಪ ಹಾಕಿದಳು. "ಬಿಟ್ಟವನ ಮುಂದೆ ತಂದಿಕ್ತಾನಲ್ಲ, ಅವನ ಮನೆ ಹಾಳಾಗ" ಅಂದಳು. ನಾನು ಸುಮ್ಮನಿದ್ದೆ. ಊರಿಗೆ ಹೋಗುವಾಗೆಲ್ಲ ಹುಣಸೂರು ಬಸ್‌ಸ್ಟ್ಯಾಂಡಲ್ಲಿ ಇಳಿದು ಅವಳ ಕಡ್ಡಿಪುಡಿ ಪೊಟ್ಟಣ ತಗೊಂಡು ಹೋಗೋನು ನಾನೇ. ಅವಳು ಹೇಳಿಕಳಿಸೋದೂ ಬೇಡ. ಮೊನ್ನೆನೂ ಎರಡು ತಗೊಂಡು ಹೋಗಿದ್ದೆ.