ಹಂದಿಗೆ ಕಾಣದ ಬ್ಯಾಟರಿ

ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಗದ್ದೆಗೆ ಹೋಗಿ, ಬಗೆಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿ ಬೀರಿ, ಬಸುರಿ ಭೂಮಿತಾಯಿಗೆ ಎಡೆ ಇಟ್ಟು ಬಂದೆವು. ಕರೆದದ್ದು ಭೂಮಿತಾಯಿಯನ್ನು, ಊಟಕ್ಕೆ ಬಂದದ್ದು ಕಾಡುಹಂದಿ. ಮೂರನೇ ದಿನ ನೋಡಿದರೆ, ತೀರ್ಥಹಳ್ಳಿ ಸೀಮೆಯ ನಮ್ಮ ಒಂದೂವರೆ ಎಕರೆ ಗದ್ದೆಯ ಮೂಲೆಯಲ್ಲಿ ಯಾರೋ ಕುಟುಂಬ ಸಮೇತ ಹೊರಳಾಡಿ ಎದ್ದುಹೋದ ಹಾಗೆ ಪೈರು ಮಲಗಿತ್ತು.

ಹೊಡೆಯೋಣವೆಂದರೆ 1972ರ ವನ್ಯಜೀವಿ ಕಾಯ್ದೆ ಇದೆ. ಅದಿಲ್ಲದಿದ್ದರೂ ನಾನು ಜಿರಳೆ ಕಂಡರೆ ಹೆಂಡತಿಯನ್ನು ಕೂಗುವ ನಿವೃತ್ತ ಗಣಿತದ ಮೇಷ್ಟ್ರು, ಮೇಲಾಗಿ ಸೊಪ್ಪು ತರಕಾರಿಯವನು. ನನಗೆ ಬೇಕಾದದ್ದು ಇಷ್ಟೆ: ರಾತ್ರಿ ಮಾಳದ, ಅಂದರೆ ಗದ್ದೆ ಕಾಯುವ ಅಟ್ಟಣೆಯ, ಮೇಲೆ ಕೂತು, ಹಂದಿ ಬೇಲಿಯ ಯಾವ ಕಂಡಿಯಲ್ಲಿ ನುಸುಳುತ್ತದೆ ಎಂದು ನೋಡಿ, ಬೆಳಿಗ್ಗೆ ಆ ಕಂಡಿ ಮುಚ್ಚುವುದು. ಅದಕ್ಕೊಂದು ಒಳ್ಳೆಯ ಬ್ಯಾಟರಿ ಬೇಕು. ಪೇಟೆಯವರು ಟಾರ್ಚ್ ಅನ್ನುವುದಕ್ಕೆ ನಮ್ಮ ಕಡೆ ಬ್ಯಾಟರಿ ಎನ್ನುತ್ತೇವೆ, ಅದರೊಳಗಿನ ಬ್ಯಾಟರಿಗೆ ಸೆಲ್ಲು. ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಲ್ಲಿ ಇದನ್ನು ಬಿಡಿಸಿ ಹೇಳುವುದಕ್ಕೇ ಹತ್ತು ನಿಮಿಷ ಹಿಡಿಯಿತು.

ಅಂಗಡಿಯ ಹುಡುಗ ಹೆಬ್ಬೆರಳಿಗಿಂತ ಚೂರು ದಪ್ಪದ ಕೊಳವೆಯೊಂದನ್ನು ಮುಂದಿಟ್ಟ. "10,000 ಲ್ಯೂಮೆನ್ ಸರ್."

ಲ್ಯೂಮೆನ್ ಅಂದರೆ ಬೆಳಕಿನ ಅಳತೆ. ಹಳೆಯ ಕಾಲದ 60 ವ್ಯಾಟ್ ಬಲ್ಬು ಕೊಡುತ್ತಿದ್ದದ್ದು ಸುಮಾರು 800 ಲ್ಯೂಮೆನ್. "ಅಂದರೆ ಹನ್ನೆರಡೂವರೆ ಬಲ್ಬು ಇದರೊಳಗೆ ಇದೆಯೇನಪ್ಪಾ?" ಎಂದೆ.

"ಆ ಅರ್ಧ ಬಲ್ಬು ಬಿಡಿ ಸರ್, ರೇಟಲ್ಲಿ ಕಡಿಮೆ ಮಾಡ್ತೀನಿ."

ತಂದೆ. ಮೊದಲ ರಾತ್ರಿ ಗದ್ದೆಯ ಮೇಲೆ ಮಂಜು ಇಳಿದಿತ್ತು. ಹೊತ್ತಿಸಿದರೆ ಬೆಳಕೆಲ್ಲ ಮಂಜಿಗೆ ಬಡಿದು ನನ್ನ ಕಣ್ಣಿಗೇ ವಾಪಸು ಬಂತು. ಎದುರಿಗೆ ಸುಣ್ಣ ಬಳಿದ ಗೋಡೆ. ಗೋಡೆಯ ಆಚೆ ಯಾರೋ ಚಪ್ಪರಿಸಿಕೊಂಡು ಉಣ್ಣುವ ಸದ್ದು.

ಬೆಂಗಳೂರಿನಲ್ಲಿರುವ ಭಾವನಿಗೆ ಫೋನು ಮಾಡಿದೆ. ಅವನು ರಜೆ ಸಿಕ್ಕಿದಾಗಲೆಲ್ಲ ಕ್ಯಾಮೆರಾ ಹೊತ್ತು ಕಾಡು ಸುತ್ತುವವನು. "ಬಿಳಿ ಬೆಳಕು ಯಾರಾದ್ರೂ ಬಿಡ್ತಾರಾ ಭಾವಾ? ಕೆಂಪು ಫಿಲ್ಟರ್ ಹಾಕಿ. ಹಂದಿ, ಜಿಂಕೆಗೆಲ್ಲ ನಮ್ಮ ಹಾಗೆ ಕೆಂಪು ಕಾಣೋದಿಲ್ಲ. ನಿಮ್ಮ ಕಣ್ಣಿಗೂ ಒಳ್ಳೇದು. ಕಣ್ಣು ಕತ್ತಲೆಗೆ ಪೂರ್ತಿ ಹೊಂದ್ಕೊಳ್ಳೋಕೆ ಅರ್ಧ ಗಂಟೆ ಬೇಕು, ಬಿಳಿ ಬೆಳಕು ಒಂದು ಕ್ಷಣದಲ್ಲಿ ಅದನ್ನೆಲ್ಲ ಹಾಳು ಮಾಡತ್ತೆ. ಹಸಿರೂ ಸಿಗತ್ತೆ, ಮನುಷ್ಯರ ಕಣ್ಣಿಗೆ ಅದು ಜಾಸ್ತಿ ಪ್ರಕಾಶ."

ಫಿಲ್ಟರಿಗೆ ದುಡ್ಡು ಸುರಿಯಲು ಮನಸ್ಸಾಗಲಿಲ್ಲ. ಶಾಲೆಯ ವಾರ್ಷಿಕೋತ್ಸವದ ನಾಟಕಗಳಿಗೆ ತರಿಸಿದ ಬಣ್ಣದ ಜಿಲೇಟಿನ್ ಹಾಳೆ ಅಟ್ಟದಲ್ಲಿ ಉಳಿದಿತ್ತು. ಮೊದಲು ಹಸಿರು ಸುತ್ತಿ ಹೆಂಡತಿಯ ಮುಖಕ್ಕೆ ಬಿಟ್ಟು ನೋಡಿದೆ. ಯಕ್ಷಗಾನದ ಶೂರ್ಪನಖಿಯ ಪ್ರವೇಶದ ಹಾಗೆ ಕಂಡಿತು. ಅದನ್ನು ಬಾಯಿಬಿಟ್ಟು ಹೇಳಬಾರದಿತ್ತು. ಆ ರಾತ್ರಿ ಗಂಜಿಯ ಜೊತೆ ಉಪ್ಪಿನಕಾಯಿ ಬರಲಿಲ್ಲ.

ಕೆಂಪು ಸುತ್ತಿದರೆ ಇನ್ನೊಂದು ಪೇಚು. 10,000 ಲ್ಯೂಮೆನ್ನಿನ ಪರಾಕ್ರಮವೆಲ್ಲ ಊದುಬತ್ತಿಯ ತುದಿಯಷ್ಟಾಯಿತು. ಭಾವನನ್ನೇ ಕೇಳಿದೆ. ಎಲ್‌ಇಡಿ ಅಸಲಿಗೆ ನೀಲಿಯಂತೆ, ಮೇಲೆ ಹಳದಿ ಲೇಪ ಕೊಟ್ಟು ಬಿಳಿ ಮಾಡಿರುತ್ತಾರಂತೆ, ಅದರಲ್ಲಿ ಕೆಂಪಿನ ಪಾಲೇ ಕಡಿಮೆ. ಇಲ್ಲದ್ದನ್ನು ಸೋಸಿದರೆ ಎಲ್ಲಿಂದ ಬಂದೀತು? ತಂತಿ ಕಾದು ಉರಿಯುವ ಹಳೇ ಬಲ್ಬಿನಲ್ಲಾದರೆ ಕೆಂಪು ಬೇಕಾದಷ್ಟಿದೆ. ಹಾಗಾಗಿ ಅಪ್ಪನ ಕಾಲದ ಮೂರು ಸೆಲ್ಲಿನ ತಗಡಿನ ಬ್ಯಾಟರಿ ಗೂಡಿನಿಂದ ಕೆಳಗಿಳಿಯಿತು. ಗುಂಡಿ ಒತ್ತಿ, ತೊಡೆಗೆ ಎರಡು ಸಲ ಬಡಿದರೆ ಹೊತ್ತುತ್ತಿತ್ತು. ಹೊಸದು ದೇವರಮನೆ ಸೇರಿತು.

ಎರಡನೇ ರಾತ್ರಿ ಹೊರಡುವಾಗ ಶೀತವಾದೀತೆಂದು ಹೆಂಡತಿ ಎದೆಗೂ ಬೆನ್ನಿಗೂ ನೀಲಗಿರಿ ಎಣ್ಣೆ ತಿಕ್ಕಿದಳು. ಶೂರ್ಪನಖಿಯ ಸಿಟ್ಟು ಇನ್ನೂ ಇಳಿದಿರಲಿಲ್ಲವೋ ಏನೋ, ಅರ್ಧ ಬಾಟಲಿ ಖಾಲಿಯಾಯಿತು. ಕಂಬಳಿಕೊಪ್ಪೆ ಹಾಕಿ, ಒಗೆದ ಬಿಳಿ ಪಂಚೆ ಉಟ್ಟು, ಒದ್ದೆ ಹುಲ್ಲು ತುಳಿದುಕೊಂಡು ಹೋಗಿ ಮಾಳ ಹತ್ತಿದೆ.

ಹನ್ನೊಂದರ ಹೊತ್ತಿಗೆ ಬೇಲಿ ಹತ್ತಿರ ಸರಪರ ಎಂದಿತು. ಬ್ಯಾಟರಿ ತೊಡೆಗೆ ಬಡಿದೆ. ಕೆಂಪು ಬೆಳಕಿನಲ್ಲಿ ಎರಡು ಕಣ್ಣು ಕೆಂಡದ ಹಾಗೆ! ಉಸಿರು ಬಿಗಿಹಿಡಿದು ಕಾಲು ಗಂಟೆ ನೋಡಿದೆ. ಅದೂ ನೋಡಿತು. ಕೊನೆಗೆ ಬಾಲ ಅಲ್ಲಾಡಿಸಿತು. ನಮ್ಮ ಮನೆಯದೇ ನಾಯಿ. ನಾಯಿ, ದನ, ಚಿರತೆಗಳ ಕಣ್ಣಿನ ಹಿಂಬದಿಗೆ ಕನ್ನಡಿಯಂಥ ಪದರವಿದೆ, ಅದಕ್ಕೆ ಹೊಳೆಯುತ್ತವೆ. ಹಂದಿಗೆ ಆ ಪದರ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಇಡೀ ರಾತ್ರಿ ನಾನು ಕಾದದ್ದು ಹೊಳೆಯದ ಕಣ್ಣು ಹೊಳೆಯಲಿ ಎಂದು.

ಮಧ್ಯೆ ಕಾಲು ತುರಿಸಿದಂತಾಗಿ ಬೆಳಕು ಬಿಟ್ಟು ನೋಡಿಕೊಂಡೆ. ಏನೂ ಇರಲಿಲ್ಲ. ಪಂಚೆ ಶುಭ್ರವಾಗಿತ್ತು.

ನಾಲ್ಕು ಗಂಟೆಗೆ ಸೋತು ಮನೆಗೆ ಬಂದೆ. ಬಚ್ಚಲಿನ ದೀಪ ಹಾಕಿದ ಹೆಂಡತಿ ಕಿಟಾರನೆ ಕಿರುಚಿದಳು. "ಅಯ್ಯೋ, ಹಂದಿ ತಿವೀತಾ?" ಪಂಚೆಯ ಅಂಚಿನಿಂದ ಮೊಣಕಾಲಿನವರೆಗೆ ರಕ್ತ! ಇಂಬಳಗಳು, ಅದೇ ಜಿಗಣೆಗಳು, ಕುಡಿದು, ತುಂಬಿ, ಉದುರಿ ಯಾವಾಗಲೋ ಹೋಗಿದ್ದವು. ಅವು ಕಚ್ಚಿದರೆ ನೋವಿಲ್ಲ, ಎಂಜಲಿನ ಗುಣಕ್ಕೆ ರಕ್ತವೂ ಬೇಗ ಹೆಪ್ಪುಗಟ್ಟುವುದಿಲ್ಲ. ಕೆಂಪು ಬೆಳಕಿನಲ್ಲಿ ಬಿಳಿ ಪಂಚೆಯೂ ಕೆಂಪು, ರಕ್ತವೂ ಕೆಂಪು. ಜೀವಮಾನವಿಡೀ ಕೆಂಪು ಇಂಕಿನಲ್ಲಿ ಮಕ್ಕಳ ತಪ್ಪು ಗುರುತು ಹಾಕಿದವನಿಗೆ ಇಷ್ಟು ಹೊಳೆಯಲಿಲ್ಲ.

ಬೆಳಗಾಗುತ್ತಲೇ ಪಕ್ಕದ ಮನೆಯ ಗೌಡರು ಮುಚ್ಚಳವಿದ್ದ ಪಾತ್ರೆಯೊಂದನ್ನು ಹಿಡಿದು ಬಂದರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಮಾಷ್ಟ್ರೇ, ಅಂಗಳದ ಸಿಮೆಂಟ್ ಮೇಲೆ ರಕ್ತದ ಜಾಡು ನೋಡ್ದೆ. ಸೀದಾ ನಿಮ್ಮ ಬಚ್ಚಲಿಗೆ ಹೋಗಿದೆ. ನಾ ಯಾರಿಗೂ ಹೇಳದಿಲ್ಲ. ನಂಗೊಂದು ಪಾಲು..."

ಪಂಚೆ ಎತ್ತಿ ಕಾಲು ತೋರಿಸಿದೆ. ಐದು ಕಡೆ ಕಚ್ಚಿದ ಗುರುತು, ಮೇಲೆ ಹೆಂಡತಿ ಒತ್ತಿದ ಅರಿಶಿನ. ಗೌಡರು ಬಗ್ಗಿ, ಒಂದೊಂದನ್ನೂ ಎಣಿಸಿ, ನಿಟ್ಟುಸಿರು ಬಿಟ್ಟರು. ಬಂದ ಪಾತ್ರೆ ಬರಿದು ಹೋಗಬಾರದೆಂದು ಹೆಂಡತಿ ಅದಕ್ಕೆ ನಾಲ್ಕು ತುಂಡು ಪತ್ರೊಡೆ ಹಾಕಿದಳು.

"ನಿನ್ನೆ ಹಂದಿ ಬರಲೇ ಇಲ್ಲ ಗೌಡ್ರೇ," ಎಂದೆ.

"ಬರದೆ ಎಂತ ಮಾರಾಯ್ರೇ, ನಮ್ಮ ಗದ್ದೆಗೆ ಬಂದಿತ್ತು. ನಿಮ್ಮ ಎಣ್ಣೆ ಘಾಟು ನಮ್ಮ ಜಗಲಿವರೆಗೂ ಹೊಡೀತಿತ್ತು, ಹಂದಿ ಮೂಗಿಗೆ ಬಡಿಯದೆ ಇರತ್ತಾ? ನಿಮ್ಮ ಬೇಲಿವರೆಗೆ ಬಂದು ಆ ಕಡೆಯಿಂದ ಈ ಕಡೆ ತಿರುಗಿದೆ. ಹೆಜ್ಜೆ ಹಾಗೇ ಇದೆ." ದಣಪೆಯ ಹತ್ತಿರ ನಿಂತು ತಿರುಗಿದರು. "ಇವತ್ತು ರಾತ್ರಿ ನಮ್ಮ ಮಾಳದಲ್ಲಿ ಮಲಗಿ ಮಾಷ್ಟ್ರೇ. ಬ್ಯಾಟರಿ ಬೇಡ, ಎಣ್ಣೆ ಬಾಟ್ಲಿ ತನ್ನಿ."