ಹಾಸನಾಂಬೆಗೆ ಬರೆದ ಕಾಗದ ನಾವ್ಯಾಕೆ ಓದಬೇಕು?

ಹಾಸನದ ಹಾಸನಾಂಬೆ ಗುಡಿ ತೆರೆದಿರುವುದು ವರ್ಷಕ್ಕೆ ಕೆಲವೇ ದಿನ. ಬಾಗಿಲು ಹಾಕಿದ ಮೇಲೆ ಹುಂಡಿ ಎಣಿಕೆ ನಡೆಯುತ್ತದೆ. ನೋಟು, ಚಿಲ್ಲರೆ, ಚಿನ್ನ, ಬೆಳ್ಳಿಯ ಜೊತೆಗೆ ಒಂದಷ್ಟು ಕಾಗದಗಳೂ ಸಿಗುತ್ತವೆ. ಭಕ್ತರು ದೇವಿಗೆ ಬರೆದವು. ಪಾಸು ಮಾಡಿಸು ತಾಯಿ, ಮದುವೆ ಮಾಡಿಸು ತಾಯಿ, ಸಾಲ ತೀರಿಸು ತಾಯಿ. ಮಾರನೇ ದಿನ ಇವುಗಳ ಫೋಟೊ ಮೊಬೈಲಿನಿಂದ ಮೊಬೈಲಿಗೆ ಓಡುತ್ತದೆ. ಟೀವಿಯಲ್ಲಿ ಓದುತ್ತಾರೆ. ಜನ ನಗುತ್ತಾರೆ. ಕಾಗುಣಿತ ತಪ್ಪಿದ್ದರಂತೂ ಇನ್ನೂ ಜೋರಾಗಿ.

ನನಗೆ ಇದು ಸರಿ ಕಾಣುವುದಿಲ್ಲ. ಒಬ್ಬರಿಗೆ ಬಂದ ಕಾಗದವನ್ನು ಇನ್ನೊಬ್ಬರು ಒಡೆದು ಓದಬಾರದು ಅಂತ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ದೇವರಿಗೆ ಬಂದದ್ದಾದರೆ ಪರವಾಗಿಲ್ವಾ? ಎಣಿಸುವವರು ಎಣಿಸಲಿ. ಕಾಗದಗಳನ್ನು ಹಾಗೇ ಎತ್ತಿ ದೇವಿಯ ಮುಂದೆ ಇಟ್ಟರೆ ಸಾಕಿತ್ತು.

ಅದೂ ಅಲ್ಲದೆ, ಕಾಗದ ಬರೆದವರಿಗೆ ಇರುವ ಧೈರ್ಯ ನಗುವವರಲ್ಲಿ ಎಷ್ಟು ಜನಕ್ಕಿದೆ? ಆ ಕಡೆ ಓದುವವರು ಒಬ್ಬರಿದ್ದಾರೆ ಅಂತ ನಂಬಬೇಕು. ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು ನೋಟ್‌ಬುಕ್ಕಿನ ಹಾಳೆ ಹರಿದು ಬರೆಯಬೇಕು. ನಾಲ್ಕು ಮಡಿಕೆ ಮಾಡಿ, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ತಂದು ಹಾಕಬೇಕು. ನಾವೆಲ್ಲ ದೇವರ ಬಗ್ಗೆ ಬೇಕಾದಷ್ಟು ಮಾತಾಡುತ್ತೇವೆ. ದೇವರ ಹತ್ತಿರ ಮಾತಾಡುವುದು ಮಾತ್ರ ಯಾಕೋ ಬಿಟ್ಟೇ ಹೋಗಿದೆ.

ದೇವರ ಬಗ್ಗೆ ಮಾತಾಡುವುದರಲ್ಲಿ ಹಾಸನದವರನ್ನು ಮೀರಿಸುವುದು ಕಷ್ಟ ಬಿಡಿ. ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ, ಅರಸು ಮನೆತನದವರು ಬಾಳೆಕಂದು ಕಡಿದ ಮೇಲೆ ಬಾಗಿಲು ತೆರೆಯುತ್ತಾರೆ ಅನ್ನುವುದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಕಾಶಿಯಿಂದ ಬಂದ ಸಪ್ತಮಾತೃಕೆಯರಲ್ಲಿ ವೈಷ್ಣವಿ, ಮಾಹೇಶ್ವರಿ, ಕೌಮಾರಿ ಇಲ್ಲಿ ಹುತ್ತದ ರೂಪದಲ್ಲಿ ನಿಂತರು. ಬ್ರಾಹ್ಮಿ ಕೆಂಚಮ್ಮನ ಹೊಸಕೋಟೆಗೆ ಹೋದಳು. ಉಳಿದ ಮೂವರು ದೇವಿಗೆರೆಯಲ್ಲಿ. ಸಾಲಿನಲ್ಲಿ ಹೊರಗಿನವರು ಯಾರಾದರೂ ಸಿಕ್ಕರೆ ಇಷ್ಟನ್ನೂ ಹೇಳದೆ ಬಿಡುವುದಿಲ್ಲ. ಆಮೇಲೆ ವಾದ ಶುರು. ವರ್ಷವಿಡೀ ದೀಪ ಆರದೆ ಉರಿಯುತ್ತಾ? ಹೂ ಬಾಡುವುದೇ ಇಲ್ವಾ? ಒಬ್ಬರು ಆಣೆ ಇಟ್ಟು ಹೇಳುತ್ತಾರೆ, ಇನ್ನೊಬ್ಬರು ಪುರಾವೆ ಕೇಳುತ್ತಾರೆ. 300 ರೂಪಾಯಿ ಸಾಲು ಬೇಗ ಹೋಗುತ್ತಾ, 1000 ರೂಪಾಯಿದಾ ಅನ್ನುವುದು ಇನ್ನೊಂದು ದೊಡ್ಡ ಶಾಸ್ತ್ರ. ಇಷ್ಟೆಲ್ಲ ಆಗಿ ಗರ್ಭಗುಡಿಯ ಮುಂದೆ ಬಂದರೆ "ನಡೀರಿ, ನಡೀರಿ" ಅನ್ನುವ ಕೂಗು. ಕೈ ಮುಗಿಯುವಷ್ಟು ಹೊತ್ತು ಸಿಕ್ಕರೆ ಪುಣ್ಯ. ಅಷ್ಟರಲ್ಲಿ ಏನು ಹೇಳಬೇಕು ಅಂತ ಯೋಚಿಸಿಕೊಂಡು ಬಂದವರು ಎಷ್ಟು ಜನ?

ಅಲ್ಲೇ ಸೊಸೆ ಕಲ್ಲು ಇದೆ. ಕಥೆ ಹೀಗೆ. ಸೊಸೆಯೊಬ್ಬಳು ದಿನಾ ಗುಡಿಗೆ ಬಂದು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಒಂದು ದಿನ ಅತ್ತೆ ಹಿಂದೆಯೇ ಬಂದು ಹೊಡೆದಳು. ನೋವಿಗೆ ಸೊಸೆ "ಅಮ್ಮಾ, ಹಾಸನಾಂಬೆ" ಅಂತ ಕೂಗಿದಳು. ದೇವಿ ಅವಳನ್ನು ಕಲ್ಲಾಗಿಸಿ ತನ್ನ ಮುಂದೆಯೇ ಇಟ್ಟುಕೊಂಡಳು. (ಅತ್ತೆಯನ್ನು ಕಲ್ಲು ಮಾಡಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಇರಲಿ.) ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅನ್ನುತ್ತಾರೆ. ನಾವು ಕೇಳುವುದೇನು? ಎಷ್ಟು ಸರಿದಿದೆ, ಇನ್ನೆಷ್ಟು ದೂರ ಇದೆ, ನಿಜವಾಗಲೂ ಸರಿಯುತ್ತಾ, ಯಾರಾದರೂ ಅಳತೆ ಹಿಡಿದಿದ್ದಾರಾ. ನಂಬುವವರದ್ದೂ ಅದೇ ಪ್ರಶ್ನೆ, ನಂಬದವರದ್ದೂ ಅದೇ ಪ್ರಶ್ನೆ. ಆ ಹುಡುಗಿಯನ್ನು ಕೇಳುವವರೇ ಇಲ್ಲ. ಏಟು ಬಿದ್ದಾಗ ಅವಳು ಗಂಡನನ್ನು ಕರೆಯಲಿಲ್ಲ. ತವರಿನವರನ್ನೂ ಕರೆಯಲಿಲ್ಲ. ದಿನಾ ಮಾತಾಡಿ ಅಭ್ಯಾಸ ಇದ್ದವರ ಹೆಸರೇ ತಾನೇ ಅಂಥ ಹೊತ್ತಿನಲ್ಲಿ ಬಾಯಿಗೆ ಬರುವುದು?

ನನ್ನ ಗಂಡನ ಊರು ಬೇಲೂರು. ರಜೆ ಬಂತು ಅಂದರೆ ನೆಂಟರ ದಂಡು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಇನ್ನೂ ಜಾಸ್ತಿ. ಬಂದವರು ತುಂಬಾ ಓದಿಕೊಂಡೇ ಬರುತ್ತಾರೆ. ಬೇಲೂರಿನ ಚೆನ್ನಕೇಶವ ಗುಡಿ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, ಒಳಗೂ ಹೊರಗೂ ಸೇರಿ 42 ಮದನಿಕೆಯರು, ನರಸಿಂಹ ಕಂಬ ಒಂದು ಕಾಲಕ್ಕೆ ತಿರುಗುತ್ತಿತ್ತಂತೆ. ಸಂಜೆ ಮನೆಗೆ ಬಂದು ಕಾಫಿ ಕುಡಿಯುತ್ತಾ ದರ್ಪಣ ಸುಂದರಿಯ ಫೋಟೊ ತೋರಿಸುತ್ತಾರೆ. "ಕೇಶವನ ದರ್ಶನ ಚೆನ್ನಾಗಾಯ್ತಾ?" ಅಂದರೆ, "ಅಯ್ಯೋ, ಸಾಲು ಇತ್ತು ಅತ್ತಿಗೆ, ಹಂಗೇ ಬಂದ್ಬಿಟ್ವಿ!" ಶಿಲ್ಪ ನೋಡಲು ಬಂದವರು ಶಿಲ್ಪ ನೋಡಲಿ, ತಪ್ಪೇನಿಲ್ಲ. ಆದರೆ ಇವರು ದೇವರಿಗೆ ಅಂತಲೇ ಮಡಿ ಸೀರೆ ಉಟ್ಟು ಹೊರಟವರು.

ಇದು ಈಗಿನ ಕಾಲದ ರೋಗ, ಮೊಬೈಲ್ ಬಂದ ಮೇಲೆ ಹೀಗಾಯ್ತು ಅಂತ ಹೇಳುವುದು ಸುಲಭ. ಹಾಗೇನಿಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ನಾರದರು ಸನತ್ಕುಮಾರರ ಹತ್ತಿರ ಕಲಿಯಲು ಹೋಗುತ್ತಾರೆ. ನಿನಗೆ ಏನೇನು ಗೊತ್ತಿದೆಯೋ ಮೊದಲು ಹೇಳು, ಅಲ್ಲಿಂದ ಮುಂದಕ್ಕೆ ನಾನು ಹೇಳುತ್ತೇನೆ ಅನ್ನುತ್ತಾರೆ ಗುರುಗಳು. ನಾರದರು ಪಟ್ಟಿ ಕೊಡುತ್ತಾರೆ. ನಾಲ್ಕು ವೇದ, ಇತಿಹಾಸ, ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ, ಹಾವಿನ ವಿದ್ಯೆ ಕೂಡ! ಇಷ್ಟು ಹೇಳಿದ ಮೇಲೆ, ನನಗೆ ಮಂತ್ರಗಳು ಗೊತ್ತು, ಆತ್ಮ ಗೊತ್ತಿಲ್ಲ, ದುಃಖದಲ್ಲಿದ್ದೇನೆ, ದಾಟಿಸಿ ಅಂತ ಕೇಳಿಕೊಳ್ಳುತ್ತಾರೆ. ಅಲ್ಲಿನ ಮಾತು ಆತ್ಮದ್ದು, ನಾನು ಹೇಳುತ್ತಿರುವುದು ದೇವರ ಜೊತೆಗಿನ ನಂಟು. ಎರಡೂ ಒಂದೇನಾ, ಬೇರೆನಾ ಅಂತ ಆಚಾರ್ಯರುಗಳೇ ಬೇರೆಬೇರೆ ಹೇಳಿದ್ದಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ನನಗೆ ಇಷ್ಟವಾಗುವುದು ಆ "ದುಃಖದಲ್ಲಿದ್ದೇನೆ" ಅನ್ನುವ ಮಾತು. ಅಷ್ಟು ಓದಿದವರು ಅದನ್ನು ಬಾಯಿಬಿಟ್ಟು ಹೇಳಿದರಲ್ಲ.

ಹಾಗಂತ ಓದು ದಂಡ, ಶಾಸ್ತ್ರ ಸುಳ್ಳು, ಮುಗ್ಧರಿಗೆ ಮಾತ್ರ ದೇವರು ಸಿಗುತ್ತಾನೆ ಅನ್ನುವ ಪಾರ್ಟಿ ನಾನಲ್ಲ. ನಮ್ಮಲ್ಲಿ ಭಕ್ತಿಯ ಮಾತು ಬಂದ ತಕ್ಷಣ ಓದುಬರಹ ಬಾರದ ಒಬ್ಬ ಅಜ್ಜಿಯನ್ನು ತಂದು ನಿಲ್ಲಿಸುವುದು ಒಂದು ಚಾಳಿ. ಶ್ರವಣಬೆಳಗೊಳದ ಗುಳ್ಳಕಾಯಜ್ಜಿ ಕಥೆಯನ್ನೂ ಹೀಗೇ ಬಳಸುತ್ತಾರೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಬಾಹುಬಲಿಯ ಮೈ ಪೂರ್ತಿ ನೆನೆಯಲಿಲ್ಲ, ಅಜ್ಜಿ ಗುಳ್ಳಕಾಯಿಯಲ್ಲಿ ತಂದ ಇಷ್ಟೇ ಇಷ್ಟು ಹಾಲಿಗೆ ಅಡಿಯಿಂದ ಮುಡಿ ನೆನೆಯಿತು. ಸರಿ. ಆದರೆ ಆ ಕಥೆಯಲ್ಲಿ ಸೋತದ್ದು ಚಾವುಂಡರಾಯನ ಹಮ್ಮು. ಅವನು ಸೇನಾಪತಿ, ಮಂತ್ರಿ, ಜೊತೆಗೆ ಕನ್ನಡದಲ್ಲಿ ಗದ್ಯಪುರಾಣ ಬರೆದ ವಿದ್ವಾಂಸ. ಅವನು ಮೂರ್ತಿ ಕೆತ್ತಿಸದೇ ಇದ್ದಿದ್ದರೆ ಅಜ್ಜಿ ಹಾಲು ಎರೆಯುವುದಾದರೂ ಯಾವುದರ ಮೇಲೆ? ಮಧ್ವಾಚಾರ್ಯರು ಭಕ್ತಿ ಅಂದರೇನು ಅಂತ ಹೇಳುವಾಗ ಎರಡನ್ನೂ ಸೇರಿಸಿಯೇ ಹೇಳಿದ್ದಾರೆ. ದೇವರ ಹಿರಿಮೆ ಗೊತ್ತಿರಬೇಕು, ಅದರ ಮೇಲೆ ಎಲ್ಲಕ್ಕಿಂತ ಹೆಚ್ಚಿನ, ಅಲ್ಲಾಡದ ಸ್ನೇಹ ಇರಬೇಕು. ನಾವು ಮೊದಲರ್ಧಕ್ಕೇ ಹಾರ ಹಾಕಿಸಿಕೊಂಡು ಎದ್ದು ಬರುತ್ತಿದ್ದೇವೆ.

ಇವೆರಡೂ ಒಬ್ಬರಲ್ಲೇ ಇರುವುದನ್ನು ನಾನು ನೋಡಿದ್ದು ಮನೆಯಲ್ಲೇ. ನಮ್ಮಪ್ಪ ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರುದ್ರ, ಚಮಕ ಎರಡೂ ಬಾಯಿಪಾಠ, ಸ್ವರ ತಪ್ಪಿದರೆ ಪುರೋಹಿತರನ್ನೂ ತಡೆದು ತಿದ್ದುತ್ತಿದ್ದರು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆಗೆ ಕಾಯುವ ಕಾಲ ಇರುತ್ತಲ್ಲ, ತೋಟದವರಿಗೆ ಗೊತ್ತು ಅದರ ಸಂಕಟ. ಆಗ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಗಿಡದ ತುಂಬಾ ಬೆಳ್ಳಗೆ ಹೂ. ಬೀಳದಿದ್ದರೆ ಆ ವರ್ಷದ ಫಸಲಿಗೆ ಕಲ್ಲು. ಮಳೆಯ ಲೆಕ್ಕ ಇಂಚು, ಸೆಂಟ್ಸ್‌ನಲ್ಲಿ; ನೂರು ಸೆಂಟ್ಸ್ ಅಂದರೆ ಒಂದು ಇಂಚು. ಬೆಳಿಗ್ಗೆ ಮಳೆಮಾಪಕ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅಪ್ಪನ ಕೆಲಸ. ಸಂಜೆ ಪೂಜೆ, ಮಂತ್ರ ಎಲ್ಲ ಮುಗಿಸಿ, ಎದ್ದೇಳುವ ಮುಂಚೆ ಸಕಲೇಶ್ವರನ ಫೋಟೊದ ಕಡೆ ತಿರುಗಿ, "ಇವತ್ತೂ ಸೊನ್ನೆ ಬರ್ದೆ ಕಣಯ್ಯ. ಪಕ್ಕದ ತೋಟಕ್ಕೆ ಎಪ್ಪತ್ತು ಸೆಂಟ್ಸ್ ಕೊಟ್ಟಿದ್ದೀಯ. ಬೇಲಿ ದಾಟಕ್ಕೆ ನಿಂಗೇನು ಪಾಸು ಬೇಕಾ?" ಅನ್ನುತ್ತಿದ್ದರು. ನಾವು ಮಕ್ಕಳು ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಧಣಿಗಳಿಗೆ ತಲೆ ಎತ್ತಿ ಒಂದು ಮಾತು ಆಡದ ಮನುಷ್ಯ ದೇವರ ಹತ್ತಿರ ಹೀಗೆ.

ಒಂದು ಸಲ ಜನವರಿಯಲ್ಲಿ, ಕಣದ ತುಂಬಾ ಕಾಫಿ ಹರವಿದ್ದಾಗ, ರಾತ್ರೋರಾತ್ರಿ ಮಳೆ ಹೊಡೆಯಿತು. ಟಾರ್ಪಾಲು ಎಳೆಯುವಷ್ಟರಲ್ಲಿ ಅರ್ಧ ನೆನೆದಿತ್ತು. ಅಪ್ಪ ಆ ವಾರವಿಡೀ ದೇವರ ಜೊತೆ ಮಾತು ಬಿಟ್ಟಿದ್ದರು. ಪೂಜೆ ತಪ್ಪಿಸಲಿಲ್ಲ. ರುದ್ರ ಸ್ವರಬದ್ಧವಾಗಿ ಹೇಳಿ, ಮಂಗಳಾರತಿ ಮಾಡಿ, ಮುಖ ತಿರುಗಿಸಿಕೊಂಡು ಎದ್ದು ಬರುತ್ತಿದ್ದರು. ಅಮ್ಮ, "ಇನ್ನೂ ರಾಜಿ ಆಗಿಲ್ವೇನ್ರೀ?" ಅಂತ ಕೇಳುತ್ತಿದ್ದರು. ಮಂತ್ರ ಹೇಳುವುದು ಅವರಿಗೆ ಕರ್ತವ್ಯ. ಮಾತಾಡುವುದು ಸಲಿಗೆ. ಯಾವುದನ್ನು ಬಿಟ್ಟರೆ ದೇವರಿಗೆ ನಾಟುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ಸಲಿಗೆ ಎಲ್ಲರ ಕೈಗೂ ಕೊಡುವಂಥದ್ದಾ? ಅಪಾಯವೂ ಇದೆ. "ನಂಗೂ ದೇವರಿಗೂ ನೇರ ಸಂಪರ್ಕ" ಅಂತ ಹೇಳಿಕೊಂಡು ಊರವರ ಜೇಬಿಗೆ ಕೈ ಹಾಕಿದವರನ್ನು ನಾವೆಲ್ಲ ಕಂಡಿದ್ದೇವೆ. ದೇವರು ನನಗೆ ಹೀಗೆ ಹೇಳಿದ ಅಂತ ಯಾರಾದರೂ ನಿಮಗೆ ಆಜ್ಞೆ ಮಾಡಲು ಬಂದರೆ, ಅಲ್ಲಿ ಓದು ಬೇಕು, ಪ್ರಶ್ನೆ ಬೇಕು, ತರ್ಕವೂ ಬೇಕು. ನಮ್ಮಪ್ಪ ದೇವರ ಹತ್ತಿರ ಎಷ್ಟೊಂದು ಹೇಳುತ್ತಿದ್ದರು. ದೇವರು ಹೀಗೆ ಹೇಳಿದ ಅಂತ ನಮಗೆ ಒಂದು ದಿನವೂ ಹೇಳಲಿಲ್ಲ. ನನ್ನ ಅಳತೆಗೋಲು ಅದೇ.

ಹರಕೆಯನ್ನು ವ್ಯಾಪಾರ ಅಂತ ಹೀಗಳೆಯುವವರ ಜೊತೆಗೂ ನನಗೆ ತಕರಾರಿದೆ. ಪಾಸಾದರೆ ಮುಡಿ ಕೊಡುತ್ತೇನೆ ಅನ್ನುವುದು ವ್ಯಾಪಾರವೇ ಇರಬಹುದು. ಆದರೆ ವ್ಯಾಪಾರಕ್ಕಾದರೂ ಎದುರಿಗೊಬ್ಬರು ಬೇಕಲ್ಲ. ಎಷ್ಟೋ ಜನಕ್ಕೆ ಮಾತು ಶುರುವಾಗುವುದೇ ಅಲ್ಲಿಂದ.

ನಮ್ಮ ಮಗಳು ಹತ್ತನೇ ಕ್ಲಾಸು. ಮೊನ್ನೆ ಅಂಕಿತನಾಮಗಳನ್ನು ಉರು ಹೊಡೆಯುತ್ತಿದ್ದಳು. ಹೊಂದಿಸಿ ಬರೆಯಿರಿ. ಬಸವಣ್ಣ, ಕೂಡಲಸಂಗಮದೇವ. ಅಕ್ಕಮಹಾದೇವಿ, ಚೆನ್ನಮಲ್ಲಿಕಾರ್ಜುನ. ಅಲ್ಲಮಪ್ರಭು, ಗುಹೇಶ್ವರ. ಜೇಡರ ದಾಸಿಮಯ್ಯ, ರಾಮನಾಥ. ಆಮೇಲೆ ದಾಸರು. ಪುರಂದರವಿಠಲ, ಕಾಗಿನೆಲೆಯಾದಿಕೇಶವ. ಗೆರೆ ಎಳೆದರೆ ಆಯ್ತು, ಪೂರ್ತಿ ಅಂಕ. ಶಿವ ಒಬ್ಬನೇ ಅಂದ ಶರಣರು ಒಬ್ಬೊಬ್ಬರೂ ಅವನನ್ನು ಬೇರೆಬೇರೆ ಹೆಸರಿನಲ್ಲಿ ಯಾಕೆ ಕರೆದರು, ಅಂತ ನಾನು ಅವಳನ್ನು ಕೇಳಿದೆ. "ಯಾರು ಬರೆದಿದ್ದು ಅಂತ ಗೊತ್ತಾಗಲಿ ಅಂತ" ಅಂದಳು. ಅದೂ ಸರಿಯೇ. ಮನೆಯಲ್ಲಿ ನಿನ್ನನ್ನು ನಾನೊಂದು ಹೆಸರಿನಿಂದ, ಅಜ್ಜ ಒಂದು ಹೆಸರಿನಿಂದ ಕರೆಯುವುದಿಲ್ವಾ, ಅದೂ ಇರಬಹುದಲ್ಲ ಅಂದೆ. ಪೆನ್ನು ಕಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಆಮೇಲೆ ಕೇಳಿದಳು. "ಅಮ್ಮ, ನೀನೂ ಅಡುಗೆ ಮಾಡ್ತಾ ದೇವರ ಹತ್ರ ಏನೇನೋ ಮಾತಾಡ್ತಿರ್ತೀಯಲ್ಲ, ವಾಪಸ್ ಉತ್ತರ ಬರುತ್ತಾ?"

ಇಲ್ಲ ಅಂದೆ. ಯಾವತ್ತೂ ಧ್ವನಿ ಕೇಳಿಲ್ಲ, ಕನಸಲ್ಲೂ ಬಂದಿಲ್ಲ.

"ಮತ್ಯಾಕೆ ಮಾತಾಡ್ತೀಯ?"

ಇದಕ್ಕೆ ಶ್ಲೋಕ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಆಫೀಸಿನಲ್ಲಿ ಅವರು ಹೀಗೆ ಮಾಡಿದರು, ಇವರು ಹೀಗೆ ಅಂದರು ಅಂತ ಗೆಳತಿಯರ ಹತ್ತಿರ ಹೇಳಿದರೆ ನಾನು ಯಾವಾಗಲೂ ಗೆದ್ದೇ ಬರುತ್ತೇನೆ. ಅದೇ ಮಾತನ್ನು ಅಡುಗೆಮನೆಯಲ್ಲಿ, ಕೇಳುವವಳು ದೇವಿಯೊಬ್ಬಳೇ ಅಂತ ಗೊತ್ತಿದ್ದು ಹೇಳಲು ಹೊರಟರೆ ಅರ್ಧಕ್ಕೇ ನಾಲಿಗೆ ತಡವರಿಸುತ್ತದೆ. ನಾನೇನು ಅಂದೆ ಅನ್ನುವುದನ್ನೂ ಹೇಳಬೇಕಾಗುತ್ತದೆ. ಎಲ್ಲ ಗೊತ್ತಿರುವವಳ ಮುಂದೆ ಬಣ್ಣ ಹಚ್ಚಿ ಏನು ಪ್ರಯೋಜನ?

"ಅದನ್ನ ಡೈರಿಯಲ್ಲಿ ಬರೆದ್ರೂ ಆಗುತ್ತಲ್ವಾ?" ಅಂದಳು.

ಬರಿ, ಒಳ್ಳೆಯದೇ ಅಂದೆ. ಆದರೆ ಡೈರಿ ಜೊತೆ ಅಜ್ಜನ ಹಾಗೆ ಮಾತು ಬಿಡಕ್ಕಾಗಲ್ಲ ಕಣೇ.

ಅವಳಿನ್ನೂ ಒಪ್ಪಿಲ್ಲ. ಒಪ್ಪಿಸುವ ಆತುರ ನನಗೂ ಇಲ್ಲ.